ನಾಯಿಯನ್ನು ಯಾವ ಲೆಕ್ಕಕ್ಕೆ ಬರೆಯುವುದು?

ನಾಯಿಯನ್ನು ಸಂಗಡ ಕರೆದುಕೊಂಡು ದೂರದ ಪ್ರಯಾಣಕ್ಕೆ ಹೊರಟು, ವಾಹನದ ಬಾಗಿಲಲ್ಲಿಯೇ ತಡೆಸಿಕೊಂಡ ಮೊದಲ ಪ್ರಯಾಣಿಕ ಧರ್ಮರಾಯನೇ ಇರಬೇಕು. ದ್ರೌಪದಿಯೂ ನಾಲ್ವರು ತಮ್ಮಂದಿರೂ ದಾರಿಯಲ್ಲಿ ಒಬ್ಬೊಬ್ಬರಾಗಿ ಬಿದ್ದ ಮೇಲೆ ಅವನ ಬೆನ್ನಿಗೆ ಉಳಿದದ್ದು ಒಂದು ನಾಯಿ. ಇಂದ್ರನು ರಥವನ್ನು ತಂದು ನಿಲ್ಲಿಸಿ, ನೀನು ಹತ್ತಬಹುದು, ನಾಯಿಗೆ ಇಲ್ಲಿ ಸ್ಥಳವಿಲ್ಲ ಎಂದ. ನಂಬಿ ಬಂದದ್ದನ್ನು ಬಿಟ್ಟು ಬರಲಾರೆನೆಂದು ಧರ್ಮರಾಯ ನೆಲದ ಮೇಲೆಯೇ ನಿಂತ. ಕುಮಾರವ್ಯಾಸನ ಭಾರತವು ಗದಾಪರ್ವದೊಂದಿಗೆ ಮುಗಿಯುವುದರಿಂದ ಈ ಪ್ರಸಂಗವನ್ನು ಅವನ ಬಾಯಿಂದ ಕೇಳುವ ಭಾಗ್ಯ ನಮಗಿಲ್ಲ. ಪಂಪನಂತೂ ಅರ್ಜುನನಿಗೆ ಪಟ್ಟ ಕಟ್ಟಿ ಅಲ್ಲಿಗೇ ಕೈ ತೊಳೆದುಕೊಂಡವನು. ನಮ್ಮಲ್ಲಿ ಬಹುಮಂದಿಗೆ ಈ ಕಥೆ ತಲುಪಿದ್ದು ಹರಿದಾಸರ ಕಥೆಗಳಿಂದ, ಅಜ್ಜಿಯರ ಮಾತಿನಿಂದ.

ಕಥೆಯ ಕೊನೆ ಎಲ್ಲರಿಗೂ ಗೊತ್ತು. ನಾಯಿ ನಾಯಿಯಾಗಿರಲಿಲ್ಲ; ಮಗನನ್ನು ಪರೀಕ್ಷಿಸಲು ಆ ರೂಪದಲ್ಲಿ ಬಂದಿದ್ದವನು ಯಮಧರ್ಮ. ಇಲ್ಲಿ ನನ್ನದೊಂದು ತಕರಾರು ಉಂಟು. ಅದು ನಿಜವಾಗಿಯೂ ನಾಯಿಯೇ ಆಗಿದ್ದರೆ ಏನಾಗುತ್ತಿತ್ತು? ದೇವರೆಂದು ತಿಳಿದ ಮೇಲೆ ಯಾವ ಸಾರಥಿಯಾದರೂ ಬಾಗಿಲು ತೆರೆದಾನು. ನಾಯಿಗೆ ರಥದಲ್ಲಿ ಜಾಗವುಂಟೇ ಇಲ್ಲವೇ ಎಂಬ ಪ್ರಶ್ನೆಗೆ ಮಹಾಕಾವ್ಯವು ಉತ್ತರ ಕೊಡಲಿಲ್ಲ, ಪ್ರಶ್ನೆಯನ್ನೇ ಅಳಿಸಿಹಾಕಿತು.

ನಾಯಿಯನ್ನು ನಾಯಿಯಾಗಿಯೇ ಉಳಿಸಿ ಗೌರವಿಸಿದ ಬರಹವೊಂದು ಕನ್ನಡದಲ್ಲಿದೆ. ಅದು ಕಾವ್ಯವಲ್ಲ, ಕಲ್ಲು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಆ ಶಾಸನದ ಕಾಲ ಶಕವರ್ಷ ೮೭೨, ಎಂದರೆ ಕ್ರಿ.ಶ. ೯೪೯-೫೦, ಪಂಪನ ‘ವಿಕ್ರಮಾರ್ಜುನ ವಿಜಯ’ ಹುಟ್ಟಿ ಇನ್ನೂ ಹತ್ತು ವರ್ಷ ತುಂಬಿರಲಿಲ್ಲ. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಗಂಗರ ಇಮ್ಮಡಿ ಬೂತುಗನೂ ಕೂಡಿ ಚೋಳರನ್ನು ಮುರಿದರು. ಚೋಳ ರಾಜಾದಿತ್ಯ ಅಲ್ಲಿ ಮಡಿದ. ಆ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೆರನೆಂಬ ವೀರನಿಗೆ ಬೂತುಗ ಮೆಚ್ಚಿ, ಬೇಕಾದುದನ್ನು ಕೇಳೆಂದಾಗ ಅವನು ಬೇಡಿದ್ದು ದೊರೆಯ ಬೇಟೆನಾಯಿ ಕಾಳಿಯನ್ನು. ಮುಂದೆ ಆ ಕಾಳಿಯನ್ನು ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಸೆಣಸಿ ಜೊತೆಯಾಗಿ ಸತ್ತವು. ಮಣಲೆರ ಆತಕೂರಿನ ಚಲ್ಲೇಶ್ವರ ದೇಗುಲದೆದುರು ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿ ಬಿಟ್ಟ. ಕಲ್ಲಿನ ಮೇಲ್ಭಾಗದಲ್ಲಿ ನಾಯಿ ಹಂದಿಗಳ ಸೆಣಸಾಟದ ಶಿಲ್ಪವಿದೆ. ಕೊನೆಗೊಂದು ಕಟ್ಟಳೆ: ಆ ದೇಗುಲದ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ, ನಾಯಿ ಮಾಡಿದ ಪಾಪವೆಲ್ಲ ಅವನಿಗೆ. ಈಗ ಆ ಕಲ್ಲು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ.

ಪ್ರತಿವರ್ಷ ನಾನಿದನ್ನು ತರಗತಿಯಲ್ಲಿ ಪಾಠ ಮಾಡುತ್ತೇನೆ. ಹನ್ನೆರಡು ವರ್ಷಗಳ ಹಿಂದೆ ಮುಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತು, “ಸರ್, ನಾಯಿ ಮಾಡಿದ ಪಾಪ ಅಂದರೆ ಯಾವುದು?” ಎಂದು ಕೇಳಿದ. ಬೇಟೆಯಲ್ಲಿ ಅದು ಕೊಂದ ಪ್ರಾಣಿಗಳ ಹತ್ಯೆ ಇರಬಹುದೆಂದೆ. “ಹಾಗಾದರೆ ನಾಯಿಗೂ ಒಂದು ಲೆಕ್ಕದ ಪುಸ್ತಕ ಇತ್ತು ಅಂತಾಯಿತು” ಎಂದು ಕುಳಿತುಕೊಂಡ. ಅವನಿಗೆ ಕಣ್ಣು ಕಾಣಿಸುತ್ತಿರಲಿಲ್ಲ. ಅಕ್ಷಿಪಟಲದ ರೋಗದಿಂದ ಪ್ರೌಢಶಾಲೆಯ ದಿನಗಳಲ್ಲಿಯೇ ದೃಷ್ಟಿ ಹೋಗಿತ್ತು. ಪಾಠಗಳನ್ನೆಲ್ಲ ಮುದ್ರಿಸಿಕೊಂಡು ಮನೆಯಲ್ಲಿ ಕೇಳುತ್ತಿದ್ದ. ಆದ್ದರಿಂದ ನಾನು ಯಾವ ದಿನ ಏನು ಹೇಳಿದ್ದೆನೆಂಬುದು ನನಗಿಂತ ಅವನಿಗೆ ಚೆನ್ನಾಗಿ ನೆನಪಿರುತ್ತಿತ್ತು. ಪದವಿ ಮುಗಿಸಿ ಅಂಕೋಲೆಯ ಒಂದು ಬ್ಯಾಂಕಿನ ಶಾಖೆಯಲ್ಲಿ ಗುಮಾಸ್ತನಾದ. ಮೂರು ವರ್ಷಗಳ ಹಿಂದೆ ಒಂದು ಕಪ್ಪು ಲ್ಯಾಬ್ರಡಾರ್ ಹೆಣ್ಣುಮರಿಯನ್ನು ಸಾಕಿ, ಅದಕ್ಕೆ ಕಾಳಿ ಎಂದು ಹೆಸರಿಟ್ಟ. ನಾಯಿಗೆ ದೇವಿಯ ಹೆಸರೇ ಎಂದು ನೆರೆಹೊರೆಯವರು ಮುಖ ಸಿಂಡರಿಸಿದಾಗ ಅವನ ತಾಯಿ, “ಇದು ಕಾರವಾರದ ಹೊಳೆ ಹೆಸರು, ದೇವಿ ಹೆಸರಲ್ಲ” ಎಂದು ಬಾಯಿ ಮುಚ್ಚಿಸಿದರಂತೆ. ಹೆಸರು ಎಲ್ಲಿಂದ ಬಂತೆಂಬುದು ನನಗೆ ಗೊತ್ತಿತ್ತು.

ಈ ಕಾಳಿ ಅವನಿಗೆ ದಾರಿ ತೋರುವ ನಾಯಿ. ಅಂಥ ನಾಯಿಗಳು ನಮ್ಮ ದೇಶದಲ್ಲಿ ಬಹಳ ಅಪರೂಪವಾದ್ದರಿಂದ ನಾಲ್ಕು ಮಾತು ಹೇಳಬೇಕು. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡು ಬಂದ ಸೈನಿಕರಿಗಾಗಿ ಜರ್ಮನಿಯ ಓಲ್ಡೆನ್‌ಬರ್ಗಿನಲ್ಲಿ ಗೆರ್‌ಹಾರ್ಡ್ ಸ್ಟಾಲಿಂಗ್ ಎಂಬ ವೈದ್ಯ ೧೯೧೬ರಲ್ಲಿ ಇಂಥ ನಾಯಿಗಳ ಶಾಲೆ ತೆರೆದ. ಮುಂದೆ ಪಾಟ್ಸ್‌ಡಾಮಿನಲ್ಲಿ ಇನ್ನೊಂದು ಶಾಲೆ ಆಯಿತು. ಅದನ್ನು ಕಂಡ ಡೊರೊಥಿ ಯೂಸ್ಟಿಸ್ ಎಂಬ ಅಮೆರಿಕನ್ ಮಹಿಳೆ ೧೯೨೭ರಲ್ಲಿ ಒಂದು ಪತ್ರಿಕೆಗೆ ಲೇಖನ ಬರೆದಳು. ಟೆನೆಸ್ಸಿಯ ನ್ಯಾಶ್‌ವಿಲ್ ಪಟ್ಟಣದ ಮಾರಿಸ್ ಫ್ರ್ಯಾಂಕ್ ಎಂಬ ಅಂಧ ತರುಣನಿಗೆ ಅವನ ತಂದೆ ಅದನ್ನು ಓದಿ ಹೇಳಿದ. ತರುಣ ಸ್ವಿಟ್ಜರ್ಲೆಂಡಿಗೆ ಹೋಗಿ, ಬಡ್ಡಿ ಎಂಬ ನಾಯಿಯೊಂದಿಗೆ ಕಲಿತು, ೧೯೨೮ರಲ್ಲಿ ನ್ಯೂಯಾರ್ಕಿನ ಗದ್ದಲದ ಬೀದಿಯನ್ನು ಪತ್ರಕರ್ತರ ಎದುರಿಗೆ ದಾಟಿ ತೋರಿಸಿದ. ೧೯೨೯ರಲ್ಲಿ ಅವರಿಬ್ಬರೂ ಸೇರಿ ಸ್ಥಾಪಿಸಿದ ‘ಸೀಯಿಂಗ್ ಐ’ ಸಂಸ್ಥೆ ಇಂದಿಗೂ ನಡೆಯುತ್ತಿದೆ. ಪತ್ರಿಕೆಯ ಒಂದು ಲೇಖನದಿಂದ ಇಷ್ಟಾಯಿತೆಂಬುದು, ವಾರವಾರವೂ ಲೇಖನ ಬರೆಯುವ ನಮ್ಮಂಥವರಿಗೆ ಸ್ವಲ್ಪ ಧೈರ್ಯ ಕೊಡುವ ಸಂಗತಿ.

ನಾಯಿ ದಾರಿ ತೋರಿಸುತ್ತದೆ ಎಂದಾಗ ನಾವು ಕಲ್ಪಿಸಿಕೊಳ್ಳುವುದು ತಪ್ಪು ಚಿತ್ರ. ದಾರಿ ಗೊತ್ತಿರುವುದು ಮನುಷ್ಯನಿಗೆ, ನಾಯಿಗಲ್ಲ. ಬ್ಯಾಂಕಿಗೆ ಹೋಗೋಣವೆಂದರೆ ಅದು ಕರೆದೊಯ್ಯುವುದಿಲ್ಲ; ಎಡಕ್ಕೆ, ಬಲಕ್ಕೆ, ಮುಂದಕ್ಕೆ ಎಂದು ಅವನೇ ಹೇಳಬೇಕು. ಎರಡು ಹೇಳಿಕೆಗಳ ನಡುವಿನ ನೆಲ ಮಾತ್ರ ನಾಯಿಯ ಜವಾಬ್ದಾರಿ. ಗುಂಡಿ ಬಂದರೆ ಸುತ್ತಿಸುತ್ತದೆ, ಮೆಟ್ಟಿಲು ಬಂದರೆ ನಿಲ್ಲುತ್ತದೆ. ತನ್ನ ತಲೆಗೆ ತಾಗದಿದ್ದರೂ ಒಡೆಯನ ಹಣೆಗೆ ತಾಗುವ ಕೊಂಬೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕಲಿಸಲು ಅತಿ ಕಷ್ಟವಾದ ಪಾಠಗಳಲ್ಲಿ ಇದೂ ಒಂದು. ಕೆಂಪು ದೀಪ ಹಸಿರು ದೀಪಗಳ ಭೇದ ಅದಕ್ಕೆ ತಿಳಿಯದು. ವಾಹನಗಳ ಸದ್ದನ್ನು ಕೇಳಿ ದಾಟುವ ಸಮಯ ನಿರ್ಧರಿಸುವವನು ಮನುಷ್ಯನೇ. ಆದರೆ ಅವನು ತಪ್ಪು ನಿರ್ಧರಿಸಿ ಮುಂದೆ ಎಂದಾಗ ನಾಯಿ ಹೋಗದೆ ನಿಲ್ಲಬೇಕು. ಹೇಳಿದ್ದನ್ನೆಲ್ಲ ಕೇಳುವ ನಾಯಿ ಈ ಕೆಲಸಕ್ಕೆ ಬಾರದು. ಶಿಷ್ಯರ ವಿಷಯದಲ್ಲಿಯೂ ಹೀಗೆಯೇ ಎಂದು ನನಗೆ ಅನ್ನಿಸುವುದುಂಟು, ಅದಿರಲಿ.

ಕಾಳಿಗೆ ಪಾಠ ಹೇಳಿದವರು ಸೈನ್ಯದ ನಾಯಿಗಳ ವಿಭಾಗದಲ್ಲಿ ದುಡಿದು ನಿವೃತ್ತರಾಗಿ ಸದಾಶಿವಗಡದಲ್ಲಿ ನೆಲೆಸಿದ ಒಬ್ಬ ಹವಾಲ್ದಾರರು. ವಾರಕ್ಕೆ ಎರಡು ದಿನ ಹುಡುಗ ಅಂಕೋಲೆಯಿಂದ ಕಾರವಾರಕ್ಕೆ ಹೋಗಬೇಕು, ಉಳಿದ ದಿನ ಅಂಕೋಲೆಯಲ್ಲಿಯೇ ಅಭ್ಯಾಸ. ಅಂಕೋಲೆಯ ಮೀನುಪೇಟೆಯೇ ದೊಡ್ಡ ಪರೀಕ್ಷೆ. ಎರಡೂ ಬದಿಗೆ ಬಂಗಡೆಯ ಬುಟ್ಟಿ, ಒಣಮೀನಿನ ರಾಶಿ, ನೆಲದ ಮೇಲೆ ಕತ್ತರಿಸಿ ಎಸೆದ ತಲೆಗಳು. ಇವುಗಳ ನಡುವೆ ಮೂಗನ್ನು ಕೆಳಗಿಡದೆ ನಡೆದು ಹೋಗಬೇಕು. ಮೊದಲ ತಿಂಗಳು ಆಗಲಿಲ್ಲ. ಮೀನು ಮಾರುವ ಹೆಂಗಸರು ಕರುಣೆಯಿಂದ ಒಂದು ಮೀನು ಎಸೆಯುವುದು, ಹವಾಲ್ದಾರರು ಕೂಗಾಡುವುದು. ಕೊನೆಗೆ ಅವರೇ ಹೆಂಗಸರನ್ನು ಕರೆದು, “ನೀವು ಕೊಟ್ಟ ಒಂದು ಬಂಗಡೆ ಇವನ ಕಾಲು ಮುರೀತದೆ” ಎಂದು ತಿಳಿಸಿ ಹೇಳಿದ ಮೇಲೆ, ಕಾಳಿ ಬಂದಳೆಂದರೆ ಪೇಟೆಯೇ ದಾರಿ ಬಿಡತೊಡಗಿತು. ಮೂರನೆಯ ತಿಂಗಳಿಗೆ ಅವಳು ತಲೆಯೆತ್ತಿ ನಡೆದಳು. ವೈಶಾಖದ ಬಂಡಿಹಬ್ಬದ ಜನಜಂಗುಳಿಯನ್ನೂ ವಾದ್ಯದ ಸದ್ದನ್ನೂ ದಾಟಿ ಬಂದಳು. ೨೦೨೪ರ ಆಗಸ್ಟ್ ೭ರ ಮಧ್ಯರಾತ್ರಿ ಕಾರವಾರದ ಕಾಳಿ ಹೊಳೆಯ ಹಳೆಯ ಸೇತುವೆ ಕುಸಿದುಬಿದ್ದದ್ದು ಓದುಗರಿಗೆ ನೆನಪಿರಬಹುದು. ಅದಕ್ಕೆ ಮೊದಲು ನಾಯಿಗೂ ಹುಡುಗನಿಗೂ ನಡೆದು ರೂಢಿಯಾಗಿದ್ದ ದಾರಿ ಅದು. ಕೆಲವು ವಾರಗಳ ಅನಂತರ ಅಭ್ಯಾಸಕ್ಕೆಂದು ಅತ್ತ ಹೋದಾಗ, ಕಾಲಿನ ನೆನಪಿನಿಂದ ಅವನು ಹಳೆಯ ದಾರಿಗೆ ತಿರುಗು ಎಂದ. ಕಾಳಿ ಅಡ್ಡಗಟ್ಟೆಯ ಎದುರಿಗೆ ನಿಂತುಬಿಟ್ಟಳು. ಎರಡನೆಯ ಸಲ ಹೇಳಿದಾಗ ಅವನ ಕಾಲಿಗೆ ಅಡ್ಡಲಾಗಿ ಮೈಯನ್ನು ಚಾಚಿದಳಂತೆ. ಆ ದಿನವೇ ಹವಾಲ್ದಾರರು, ಇನ್ನು ನಾನು ಕಲಿಸುವುದೇನೂ ಉಳಿದಿಲ್ಲವೆಂದರು.

ಅಷ್ಟರಲ್ಲಿ ಅವನಿಗೆ ಬಡ್ತಿಯ ಕಾಗದ ಬಂತು. ಒಪ್ಪಿದರೆ ಬೆಂಗಳೂರು, ಒಪ್ಪದಿದ್ದರೆ ಅಂಕೋಲೆಯ ಅದೇ ಕುರ್ಚಿ. ಉತ್ತರ ಕೊಡಲು ಕೆಲವು ವಾರಗಳ ಅವಧಿ. ತಾಯಿಗೆ ಬೇಡ. ಅವನಿಗೆ ಬೇಕು, ಆದರೆ ಅಂಕೋಲೆಯಲ್ಲಿ ಕಲಿತ ನಾಯಿ ಬೆಂಗಳೂರಿನಲ್ಲಿ ನಡೆದೀತೇ ಎಂಬುದು ಗೊತ್ತಿಲ್ಲದೆ ಒಪ್ಪುವುದು ಹೇಗೆ? ಹವಾಲ್ದಾರರೇ ಉಪಾಯ ಹೇಳಿದರು. ನಾಯಿಯ ಗಮನ ಕೆಡಿಸಲು ಇನ್ನೊಂದು ನಾಯಿಗಿಂತ ಬಲವಾದ ವಸ್ತು ಈ ಲೋಕದಲ್ಲಿಲ್ಲ. ಚಳಿಗಾಲದಲ್ಲಿ ಬೆಂಗಳೂರಿನಲ್ಲಿ ಶ್ವಾನಪ್ರದರ್ಶನಗಳು ನಡೆಯುತ್ತವೆ, ಕರೆದುಕೊಂಡು ಹೋಗು, ನೂರಾರು ನಾಯಿಗಳ ನಡುವೆ ನಿನ್ನನ್ನು ನಡೆಸಿಕೊಂಡು ಬಂದರೆ ಯಾವ ಬೀದಿಯಲ್ಲಿಯೂ ನಡೆಸುತ್ತದೆ ಎಂದರು. ಬಹುಮಾನಕ್ಕಲ್ಲ, ಪರೀಕ್ಷೆಗೆ. ಜೊತೆಗೆ ಬರಬೇಕೆಂದು ಹುಡುಗ ನನ್ನನ್ನು ಕೇಳಿದ. ಷರತ್ತು ಒಂದೇ: “ನೀವು ಕೈ ಹಿಡಿಯಬಾರದು ಸರ್. ನಾನು ಬೀಳುವ ಹಾಗಿದ್ದರೂ.” ಅವನ ತಾಯಿ ನನ್ನನ್ನು ಬದಿಗೆ ಕರೆದು, “ಮಾಸ್ತರ್ರೇ, ಅವ ಹಾಗೆ ಹೇಳ್ತಾನೆ, ನೀವು ಬಿಡಬೇಡಿ” ಎಂದರು. ಈ ಎರಡು ಆಜ್ಞೆಗಳನ್ನು ಹೊತ್ತುಕೊಂಡು ಕಳೆದ ಚಳಿಗಾಲದಲ್ಲಿ ನಾನು ಹೊರಟೆ.

ಹೊರಡುವ ಮೊದಲೇ ಲೆಕ್ಕದ ಪುಸ್ತಕದ ಪ್ರಶ್ನೆ ಎದ್ದಿತು. ರೈಲಿನ ನಿಯಮಾವಳಿಯಲ್ಲಿ ನಾಯಿ ಎಂದರೆ ಸಾಮಾನು. ಮೊದಲ ದರ್ಜೆಯ ಇಡೀ ಕೋಣೆಯನ್ನು ಕಾದಿರಿಸಿದವರು ಮಾತ್ರ ಅದನ್ನು ಸಂಗಡ ಇಟ್ಟುಕೊಳ್ಳಬಹುದು. ಎರಡನೆಯ ಮೂರನೆಯ ದರ್ಜೆಯ ಹವಾನಿಯಂತ್ರಿತ ಡಬ್ಬಿಗಳಲ್ಲಾಗಲಿ, ಸಾಮಾನ್ಯ ಮಲಗುವ ಡಬ್ಬಿಯಲ್ಲಾಗಲಿ ಬಿಡುವುದಿಲ್ಲ. ಉಳಿದವರ ನಾಯಿಗಳು ಬ್ರೇಕ್‌ವ್ಯಾನಿನ ನಾಯಿಪೆಟ್ಟಿಗೆಗೆ. ಟಿಕೇಟಿಲ್ಲದೆ ಒಯ್ದು ಸಿಕ್ಕಿಬಿದ್ದರೆ ಸಾಮಾನಿನ ದರದ ಆರು ಪಟ್ಟು ತೆರಬೇಕು. ದೃಷ್ಟಿಯಿಲ್ಲದವರ ದಾರಿ ತೋರುವ ನಾಯಿಗೆ ಮೊದಲ ದರ್ಜೆಯಲ್ಲಿ ವಿಶೇಷ ಅವಕಾಶ ಇದೆ. ನಿಯಮ ಬರೆದವರು ಅಷ್ಟು ಯೋಚಿಸಿದ್ದಾರೆ, ಮೆಚ್ಚಬೇಕು. ಆದರೆ ಮೊದಲ ದರ್ಜೆಯ ದರ ಗುಮಾಸ್ತನ ಸಂಬಳಕ್ಕೆ ಭಾರ, ಉಪನ್ಯಾಸಕನಿಗೂ ಹಗುರವಲ್ಲ. ಇನ್ನು ನಾಯಿಪೆಟ್ಟಿಗೆಯ ಮಾತು: ಕಣ್ಣಿಲ್ಲದವನಿಗೆ ನಾಯಿ ಅತಿ ಅಗತ್ಯವಾಗುವುದು ಗಾಡಿ ಹತ್ತುವಾಗ ಮತ್ತು ಇಳಿಯುವಾಗ, ಸರಿಯಾಗಿ ಆ ಎರಡು ಗಳಿಗೆಗಳಲ್ಲಿ ಅದು ಗಾಡಿಯ ಕೊನೆಯಲ್ಲಿ ಬೀಗದ ಹಿಂದೆ ಇರುತ್ತದೆ. ಅವನು ನಕ್ಕು, “ಊರುಗೋಲನ್ನು ಪಾರ್ಸೆಲ್ ಮಾಡಿ ಕುಂಟನನ್ನು ಗಾಡಿಗೆ ಹತ್ತಿಸಿದ ಹಾಗೆ” ಎಂದ.

ಬಸ್ಸಿನಲ್ಲಿ ಹೊರಟೆವು. ಬಸ್ಸಿನ ಲೆಕ್ಕ ಬೇರೆ. ೨೦೨೨ರಲ್ಲಿ ರಾಜ್ಯ ರಸ್ತೆ ಸಾರಿಗೆ ನಿಗಮ ಸಾಕುನಾಯಿಯ ಪೂರ್ಣ ಟಿಕೇಟನ್ನು ಅರ್ಧಕ್ಕೆ ಇಳಿಸಿತು. ಎಂದರೆ ಕೆಂಪು ಬಸ್ಸಿನಲ್ಲಿ ನಾಯಿ ಸಾಮಾನಲ್ಲ, ಬಾಲಕ. ಪಕ್ಷಿಗಳಿಗೂ ಅದೇ ಸ್ಥಾನ. ೨೦೨೪ರಲ್ಲಿ ಬೆಂಗಳೂರು-ಮೈಸೂರು ಬಸ್ಸಿನಲ್ಲಿ ಅಜ್ಜಿ ಮೊಮ್ಮಗಳು ಒಯ್ಯುತ್ತಿದ್ದ ನಾಲ್ಕು ಗಿಣಿಗಳಿಗೆ ೪೪೪ ರೂಪಾಯಿಯ ಟಿಕೇಟು ಹರಿದದ್ದನ್ನು ನಾಡೆಲ್ಲ ನಕ್ಕು ಓದಿತು. ನಮ್ಮ ನಿರ್ವಾಹಕರು ಹೆಚ್ಚು ಮಾತಿಲ್ಲದೆ ಮೂವರ ಲೆಕ್ಕವನ್ನೂ ಮುಗಿಸಿದರು: ಅಂಧರ ಪಾಸು ಇರುವುದರಿಂದ ಹುಡುಗನಿಗೆ ಟಿಕೇಟಿಲ್ಲ, ನಾಯಿಗೆ ಅರ್ಧ, ಕಣ್ಣೂ ಇದ್ದು ಬಾಲವಿಲ್ಲದ ನನಗೆ ಪೂರ್ತಿ. ಅರಬೈಲು ಘಟ್ಟದ ತಿರುವುಗಳಲ್ಲಿ ನನ್ನ ತಲೆ ಸುತ್ತಿ ಕಿಟಕಿಗೆ ಆತುಕೊಂಡೆ. ಕಾಳಿ ಸೀಟಿನ ಕೆಳಗೆ ಮೈಯನ್ನು ಸುರುಳಿ ಮಾಡಿ, ಬಾಲವನ್ನು ಯಾರೂ ತುಳಿಯದಂತೆ ಒಳಗೆಳೆದುಕೊಂಡು ಯಲ್ಲಾಪುರದವರೆಗೆ ನಿದ್ದೆ ಮಾಡಿದಳು. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸುವಾಗ ಒಬ್ಬ ಹುಡುಗ, “ಚಾರ್ಲಿ! ಚಾರ್ಲಿ!” ಎಂದು ಕೂಗುತ್ತ ಓಡಿಬಂದ. ೨೦೨೨ರಲ್ಲಿ ‘೭೭೭ ಚಾರ್ಲಿ’ ಚಲನಚಿತ್ರ ಬಂದಂದಿನಿಂದ ಕನ್ನಡ ನಾಡಿನ ಲ್ಯಾಬ್ರಡಾರ್‌ಗಳಿಗೆಲ್ಲ ಒಂದೇ ಹೆಸರು. ಆ ಕಥೆಯ ನಡುವೆಯೂ ನಾಯಿಗಳ ಸ್ಪರ್ಧೆಯೊಂದು ಬರುತ್ತದೆ. ಬಾಲಕ ಮುಟ್ಟಲು ಕೈ ಚಾಚಿದಾಗ ನಮ್ಮವನು ಮೃದುವಾಗಿ, “ಎದೆಪಟ್ಟಿ ಹಾಕಿದಾಗ ಅವಳು ಆಫೀಸಿನಲ್ಲಿ ಇರ್ತಾಳೆ ಮರಿ, ಮಾತಾಡಿಸಬಾರದು” ಎಂದ.

ಬೆಂಗಳೂರಿನಲ್ಲಿ ನನ್ನ ಸೋದರಿಕೆಯವರ ಮನೆಯಿಂದ ಪ್ರದರ್ಶನದ ಮೈದಾನಕ್ಕೆ ಒಂದು ಮೈಲಿಯೂ ಇರಲಿಲ್ಲ. ಪರೀಕ್ಷೆ ಮೈದಾನದಲ್ಲಿ ಎಂದುಕೊಂಡಿದ್ದೆವು. ಅದು ಹೊಸ್ತಿಲು ದಾಟಿದೊಡನೆ ಶುರುವಾಯಿತು. ಕಾಲುದಾರಿಯ ಚಪ್ಪಡಿಯೊಂದು ಇರುತ್ತದೆ, ಮುಂದಿನದು ಇರುವುದಿಲ್ಲ. ಅದರ ಕೆಳಗಿನ ಚರಂಡಿ ಬಾಯಿ ತೆರೆದುಕೊಂಡಿರುತ್ತದೆ. ಎಳನೀರ ಗಾಡಿ, ವಿದ್ಯುತ್ ಪೆಟ್ಟಿಗೆ, ನಿಲ್ಲಿಸಿದ ಮೋಟಾರ್ ಸೈಕಲ್ಲುಗಳು, ನಿಲ್ಲದೆ ಕಾಲುದಾರಿಯ ಮೇಲೆಯೇ ಬರುವ ಮೋಟಾರ್ ಸೈಕಲ್ಲುಗಳು. ಮರದಿಂದ ಮರಕ್ಕೆ ಜೋತುಬಿದ್ದ ತಂತಿ ಸರಿಯಾಗಿ ಹಣೆಯ ಎತ್ತರಕ್ಕೆ. ಕಾಳಿ ಪ್ರತಿಯೊಂದಕ್ಕೂ ನಿಂತಳು, ಸುತ್ತಿದಳು, ಮತ್ತೆ ಹಳೆಯ ಸಾಲಿಗೆ ಬಂದಳು. ನಾನು ನಾಲ್ಕು ಹೆಜ್ಜೆ ಹಿಂದೆ, ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು. ಅಷ್ಟರಲ್ಲಿ ಒಂದು ಕಸದ ರಾಶಿಯ ಬಳಿಯಿಂದ ಮೂರು ಬೀದಿನಾಯಿಗಳು ಎದ್ದುಬಂದು ಸುತ್ತುವರಿದು ಬೊಗಳತೊಡಗಿದವು. ಕಾಳಿಯ ಬೆನ್ನಿನ ಕೂದಲು ನಿಮಿರಿತು. ಅವಳು ತಿರುಗಿ ಬೊಗಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಎರಡೂ ಕೈ ನಾಯಿಗೆ ಬಿಟ್ಟುಕೊಟ್ಟವನು ಜಗಳದ ನಡುವೆ ನಿಂತುಬಿಡುತ್ತಿದ್ದ. ಅವನು ಹಿಡಿಕೆಯನ್ನು ಒಮ್ಮೆ ಮೆಲ್ಲಗೆ ಅಲುಗಿಸಿ, ಅದೇ ದನಿಯಲ್ಲಿ “ಮುಂದೆ” ಎಂದ. ಒಂದು ಕ್ಷ‌ಣ ಏನೂ ಆಗಲಿಲ್ಲ. ನನ್ನ ಕೈ ಬೆನ್ನಿನಿಂದ ಬಿಟ್ಟಿತ್ತು. ಆಮೇಲೆ ಅವಳು ಹೆಜ್ಜೆ ಇಟ್ಟಳು. ಅಂಗಡಿಯವನೊಬ್ಬ ನೀರೆರಚಿ ಆ ಮೂರನ್ನು ಓಡಿಸಿದ.

ಮೈದಾನದ ಬಾಗಿಲಲ್ಲಿ ಮತ್ತೆ ಪುಸ್ತಕ. “ನಂಬರು ಎಷ್ಟು?” ಎಂದು ಕಾವಲಿನವನು ಕೇಳಿದ. ಪ್ರದರ್ಶನದ ಪಟ್ಟಿಯಲ್ಲಿ ಪ್ರತಿಯೊಂದು ನಾಯಿಗೂ ಒಂದು ಸಂಖ್ಯೆ, ಜಾತಿ, ಹುಟ್ಟಿದ ದಿನ, ತಂದೆ ತಾಯಿಯ ಹೆಸರು. ಪಟ್ಟಿಯಲ್ಲಿಲ್ಲದ ನಾಯಿಗೆ ಪ್ರವೇಶವಿಲ್ಲ. ರೋಗ ಹರಡದಿರಲೆಂದು ಮಾಡಿದ ನಿಯಮ, ಅದರಲ್ಲಿ ತಪ್ಪಿಲ್ಲ. ನೋಡಲು ಬಂದವರ ಪಟ್ಟಿಗೆ ಅವಳು ಸೇರುವುದಿಲ್ಲ, ತೋರಿಸಲು ತಂದವರ ಪಟ್ಟಿಗೂ ಸೇರುವುದಿಲ್ಲ. ಒಳಗಿನಿಂದ ಒಬ್ಬ ವೃದ್ಧರು ಬಂದರು. ಎದೆಪಟ್ಟಿಯನ್ನೂ ಹಿಡಿಕೆಯನ್ನೂ ನೋಡಿದರು, ಲಸಿಕೆಯ ಕಾಗದ ಕೇಳಿ ಓದಿದರು. ಐವತ್ತು ವರ್ಷದಿಂದ ನಾಯಿಗಳ ನಡುವೆ ಇದ್ದೇನೆ, ಇಂಥದ್ದನ್ನು ಈ ಬಾಗಿಲಲ್ಲಿ ಕಂಡದ್ದು ಇದೇ ಮೊದಲು ಎಂದು ಹೇಳಿ, ತಾವೇ ಮುಂದಾಗಿ ಕರೆದೊಯ್ದರು.

ಶ್ವಾನಪ್ರದರ್ಶನ ಆಂಗ್ಲರ ಕಾಣಿಕೆ. ೧೮೫೯ರಲ್ಲಿ ನ್ಯೂಕ್ಯಾಸಲ್ಲಿನಲ್ಲಿ ಬೇಟೆನಾಯಿಗಳ ಎರಡೇ ಜಾತಿಗಳಿಂದ ಆರಂಭವಾದದ್ದು ಲೋಕವೆಲ್ಲ ಹರಡಿತು. ನಮ್ಮ ದೇಶದ ಕೆನಲ್ ಕ್ಲಬ್ ೧೮೯೬ರಷ್ಟು ಹಳೆಯದು. ಅಲ್ಲಿಯ ದೃಶ್ಯವನ್ನು ವರ್ಣಿಸಲು ನನಗಿಂತ ಹಾಸ್ಯಲೇಖಕರು ಲೇಸು. ಮೇಜಿನ ಮೇಲೆ ನಿಲ್ಲಿಸಿ ಬಿಸಿಗಾಳಿಯಿಂದ ಕೂದಲು ಒಣಗಿಸಿಕೊಳ್ಳುವ ನಾಯಿಗಳು, ಬಾಚಣಿಗೆಯನ್ನು ಬಾಯಲ್ಲಿ ಕಚ್ಚಿಕೊಂಡು ಓಡಾಡುವ ಮನುಷ್ಯರು. ಆದರೆ ತೀರ್ಪಿನ ಕ್ರಮ ನನ್ನನ್ನು ಸೆಳೆಯಿತು. ತೀರ್ಪುಗಾರರು ಒಂದು ನಾಯಿಯನ್ನು ಇನ್ನೊಂದರೊಡನೆ ಹೋಲಿಸುವುದಕ್ಕಿಂತ ಹೆಚ್ಚಾಗಿ, ಆ ಜಾತಿಗೆ ಬರೆದಿಟ್ಟ ಲಕ್ಷಣಗಳೊಡನೆ ಹೋಲಿಸುತ್ತಾರೆ. ಹಲ್ಲಿನ ಕೂಡಿಕೆ, ಭುಜದ ಓರೆ, ಬೆನ್ನಿನ ಸಾಲು, ನಡಿಗೆ. ನಮ್ಮ ಲಾಕ್ಷಣಿಕರು ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳಿವೆಯೇ ಎಂದು ಎಣಿಸುವ ಹಾಗೆ. ಲ್ಯಾಬ್ರಡಾರ್‌ಗಳ ಅಂಕಣದಲ್ಲಿದ್ದವು ದಪ್ಪ ಕತ್ತಿನ, ಭಾರವಾದ ಮೈಯ ನಾಯಿಗಳು. ದುಡಿಯುವ ಲ್ಯಾಬ್ರಡಾರ್‌ಗಳದ್ದು ಸಣಕಲು ಮೈ. ಅವುಗಳ ಸಂತತಿಯೂ ಪ್ರದರ್ಶನದ ಸಂತತಿಯೂ ಬೇರೆ ಬೇರೆಯಾಗಿ ಬಹುಕಾಲವಾಯಿತು. ಕಾಳಿ ಆ ಅಂಕಣಕ್ಕೆ ಇಳಿದಿದ್ದರೆ ಕೊನೆಯ ಸ್ಥಾನವೂ ಸಿಗುತ್ತಿರಲಿಲ್ಲ. ಕಟ್ಟೆಯಂಚಿನಲ್ಲಿ ನಿಂತು ನಡೆಯದಿರುವ ಗುಣಕ್ಕೆ ಯಾವ ತೀರ್ಪುಗಾರನೂ ಅಂಕ ಕೊಡುವಂತಿಲ್ಲ. ಅದು ಹೊರಗೆ ಕಾಣಿಸುವಂಥದ್ದಲ್ಲ.

ಅವರಿಬ್ಬರೂ ಸಾಲುಗಳ ನಡುವೆ ನಡೆದರು. ಪಮೇರಿಯನ್ ಒಂದು ಅರಚಿತು, ಡಾಬರ್‌ಮನ್ ಒಂದು ಸರಪಳಿ ಜಗ್ಗಿತು. ಕಾಳಿಯ ಕಿವಿಗಳು ಅತ್ತ ಇತ್ತ ತಿರುಗಿದವು, ಕಾಲು ತಪ್ಪಲಿಲ್ಲ. ಅವಳು ಸೋತದ್ದು ನಾವು ಎಣಿಸದ ಕಡೆ: ಮೈದಾನದ ನಟ್ಟನಡುವಿನ ಬಯಲಿನಲ್ಲಿ. ಅಲ್ಲಿ ಅಂಚಿಲ್ಲ, ಗೋಡೆಯಿಲ್ಲ, ಸಾಲಿಲ್ಲ. “ಮುಂದೆ” ಎಂದರೆ ಯಾವ ಕಡೆ ಎಂದು ಅವಳಿಗೆ ತಿಳಿಯದೆ ದೊಡ್ಡ ವೃತ್ತದಲ್ಲಿ ಸುತ್ತತೊಡಗಿದಳು. ಅವನು ನಿಂತು, ಧ್ವನಿವರ್ಧಕದ ಸದ್ದು ಯಾವ ದಿಕ್ಕಿನಿಂದ ಬರುತ್ತಿದೆಯೆಂದು ಕೇಳಿಸಿಕೊಂಡು, ಮೈಯನ್ನು ತಿರುಗಿಸಿ, ಮತ್ತೆ ಹೊರಟ. “ಇದು ನನ್ನ ಕೆಲಸ ಸರ್, ಅವಳದ್ದಲ್ಲ” ಎಂದು ನನಗೆ ಕೇಳುವಂತೆ ಹೇಳಿದ.

ಮುಧೋಳದ ನಾಯಿಗಳ ಬಳಿ ಬಂದಾಗ ಬಾಗಲಕೋಟೆಯ ಕಡೆಯ ಒಬ್ಬ ರೈತರು ತಮ್ಮ ನಾಯಿಯೊಂದಿಗೆ ಕುಳಿತಿದ್ದರು. ಮುಧೋಳದ ಅರಸು ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನು ಪೋಷಿಸಿ, ಇಂಗ್ಲೆಂಡಿನ ದೊರೆ ಐದನೆಯ ಜಾರ್ಜನಿಗೆ ಒಂದು ಜೋಡಿಯನ್ನು ಕೊಟ್ಟದ್ದು ಪ್ರಸಿದ್ಧ. ೨೦೦೫ರಲ್ಲಿ ಅಂಚೆಚೀಟಿಯ ಮೇಲೆ ಬಂತು. ೨೦೧೬ರಲ್ಲಿ ಮರಿಗಳು ತಿಮ್ಮಾಪುರದ ಸಂಶೋಧನ ಕೇಂದ್ರದಿಂದ ಮೀರತ್ತಿನ ಸೈನಿಕ ಕೇಂದ್ರಕ್ಕೆ ಹೋದವು. ಕೆನಲ್ ಕ್ಲಬ್ಬಿನ ದಾಖಲೆಯಲ್ಲಿ ಮಾತ್ರ ಇದರ ಹೆಸರು ಇಂದಿಗೂ ‘ಕ್ಯಾರವಾನ್ ಹೌಂಡ್’. ಊರು ಬಿಟ್ಟ ಮೇಲೆ ಊರಿನ ಹೆಸರು ಕಳಚುವುದು ಮನುಷ್ಯರಿಗೆ ಮಾತ್ರವಲ್ಲವೆಂದಾಯಿತು. ಹುಡುಗ, ಮುಟ್ಟಬಹುದೇ ಎಂದು ಕೇಳಿದ.

“ಮುಟ್ರಿ ಸರ, ಏನೂ ಮಾಡೂದಿಲ್ಲ” ಎಂದರು ರೈತರು.

ಅವನು ಕಾಳಿಯನ್ನು ಕೂರಿಸಿ, ಹಿಡಿಕೆ ಬಿಟ್ಟು, ಮಂಡಿಯೂರಿದ. ಮೂಗಿನ ತುದಿಯಿಂದ ಆರಂಭಿಸಿ ಉದ್ದನೆಯ ಮುಖ, ತೆಳ್ಳನೆಯ ಕಿವಿ, ಬಾಗಿದ ಕತ್ತು, ದೋಣಿಯ ತಳದಂತೆ ಇಳಿದ ಎದೆ, ಒಮ್ಮೆಲೆ ಮೇಲಕ್ಕೇರಿದ ಹೊಟ್ಟೆ, ತೊಡೆಯ ಬಿಗಿ. ಎರಡು ಕೈಗಳೂ ನಿಧಾನವಾಗಿ ಸರಿದವು. ಅಂಕಣದಲ್ಲಿ ತೀರ್ಪುಗಾರರು ಮಾಡಿದ್ದೂ ಇದನ್ನೇ. ಇಡೀ ಮೈದಾನದಲ್ಲಿ ನಾಯಿಯನ್ನು ಹಾಗೆ ನೋಡಿದವರು ಇಬ್ಬರೇ: ಬಹುಮಾನ ಕೊಡುವವರು ಮತ್ತು ನನ್ನ ಶಿಷ್ಯ. ಉಳಿದ ನಾವೆಲ್ಲ ಬರಿಯ ಕಣ್ಣಿನಿಂದ ನೋಡಿ ತೃಪ್ತರಾದವರು.

“ಎಲುಬು ಎಣಿಸಬಹುದು” ಎಂದ. “ದಾರಿ ತೋರಿಸಲಿಕ್ಕೆ ಇವನ್ನು ಕಲಿಸಬಹುದೋ?”

“ಆಗೂದಿಲ್ರಿ. ಇದು ಮೂಗಿನ ನಾಯಿ ಅಲ್ಲ, ಕಣ್ಣಿನ ನಾಯಿ. ದೂರದಾಗ ಒಂದು ಮೊಲ ಓಡಿದ್ದು ಕಂಡ್ರ ಸಾಕು, ನಿಮ್ಮನ್ನ ಬಿಟ್ಟು ಹೋಗಿಬಿಡತೈತಿ.”

“ಹೆಚ್ಚು ಕಣ್ಣಿದ್ದರೂ ಕಷ್ಟ” ಎಂದು ಹುಡುಗ ನಕ್ಕ. ರೈತರೂ ನಕ್ಕರು. ಆಮೇಲೆ ಅವರು ಕಾಳಿಯ ಕಡೆ ನೋಡಿ, ಇವಳ ಕೆಲಸ ಏನು, ದಿನಕ್ಕೆ ಎಷ್ಟು ದೂರ ನಡೀತಾಳ, ಏನು ತಿಂತಾಳ ಎಂದು ಕೇಳಿದರು. ತಂದೆ ತಾಯಿ ಯಾರು, ಕಾಗದ ಇದೆಯೇ ಎಂದು ಕೇಳದೆ, ಕೆಲಸ ಏನು ಎಂದು ಕೇಳಿದವರು ಆ ದಿನ ಅವರೊಬ್ಬರೇ.

ಹಿಂದಿರುಗುವ ಬಸ್ಸಿನಲ್ಲಿ ಅವನು ಬಹಳ ಹೊತ್ತು ಮಾತಾಡಲಿಲ್ಲ. ಹಾವೇರಿ ದಾಟಿದ ಮೇಲೆ, ನಾಯಿಗಳ ನಡುವೆ ನಡೆಯುವ ಪರೀಕ್ಷೆಯಲ್ಲಿ ಕಾಳಿ ಗೆದ್ದಳು, ಆದರೆ ಅದು ಪ್ರಶ್ನೆಯೇ ಆಗಿರಲಿಲ್ಲ ಎಂದ. ಪ್ರಶ್ನೆ ಇದ್ದದ್ದು ಚಪ್ಪಡಿಗಳಲ್ಲಿ. ಬೆಂಗಳೂರಿನಲ್ಲಿ ಅವಳು ಹತ್ತು ಹೆಜ್ಜೆಗೊಮ್ಮೆ ನಿರ್ಧಾರ ಮಾಡಬೇಕು; ಅಂಕೋಲೆಯಲ್ಲಿ ಒಂದು ದಿನಕ್ಕೆ ಆಗುವ ದಣಿವು ಅಲ್ಲಿ ಒಂದು ತಾಸಿಗೆ ಆಗುತ್ತದೆ. ಇಂಥ ನಾಯಿಯ ದುಡಿಮೆಯ ಆಯುಷ್ಯ ಎಂಟು ಹತ್ತು ವರ್ಷ. ನನ್ನ ಬಡ್ತಿಗಾಗಿ ಅದನ್ನು ಐದಕ್ಕೆ ಇಳಿಸಬಹುದೇ ಎಂಬುದು ಅವನ ಲೆಕ್ಕ. ನಾನು ಉತ್ತರ ಕೊಡಲಿಲ್ಲ. ಅವನು ಕೇಳಿದ್ದು ನನ್ನನ್ನಲ್ಲ.

ಅವನು ಬಡ್ತಿ ಒಪ್ಪಿದ, ಒಂದು ಕೋರಿಕೆಯೊಂದಿಗೆ: ಯಾವ ಶಾಖೆಯಾದರೂ ಆಗಬಹುದು, ನಡೆದು ಹೋಗುವಷ್ಟು ಹತ್ತಿರ ಬಾಡಿಗೆಗೆ ಮನೆ ಸಿಗುವಂತಿರಬೇಕು. ಮೇಲಿನವರು ಒಪ್ಪಿದರು. ಮೊದಲ ತಿಂಗಳು ತಾಯಿ ಜೊತೆಗಿದ್ದರು, ಹವಾಲ್ದಾರರು ಒಂದು ವಾರ ಬಂದು ದಾರಿ ಅಭ್ಯಾಸ ಮಾಡಿಸಿದರು. ಮನೆಯಿಂದ ಶಾಖೆಗೆ ಏಳುನೂರು ಹೆಜ್ಜೆ. ಕಾಳಿ ನಿಲ್ಲುವ ಸ್ಥಳ ಹನ್ನೊಂದು. ಒಂದು ಗುಂಡಿ ಮುಚ್ಚಿದ್ದರಿಂದ ಈಗ ಹತ್ತಾಗಿದೆ ಎಂದು ಕಳೆದ ವಾರ ದೂರವಾಣಿಯಲ್ಲಿ ಹೇಳಿದ. ಆದರೂ ಕಾಳಿ ಆ ಹಳೆಯ ಜಾಗದಲ್ಲಿ ಒಂದು ಕ್ಷಣ ನಿಂತೇ ಮುಂದೆ ಹೋಗುತ್ತಾಳಂತೆ. ಚೌತಿಗೆ ಊರಿಗೆ ಬರಬೇಕು. ಮೂರು ತಿಂಗಳ ಅಧಿಕಾರಿಯ ಸಂಬಳ ಕೂಡಿಟ್ಟಿದ್ದರಿಂದ ಈ ಸಲ ರೈಲಿನ ಮೊದಲ ದರ್ಜೆಗೆ ಪ್ರಯತ್ನ ಮಾಡುತ್ತಾನಂತೆ. ಸಿಗದಿದ್ದರೆ ಹುಬ್ಬಳ್ಳಿಯ ಮೇಲೆ ಕೆಂಪು ಬಸ್ಸು, ಕಾಳಿಗೆ ಅರ್ಧ ಟಿಕೇಟು.